ಅವರು ಬಾಗಿಲು ಹಾಕಿಕೊಂಡರು

ನಮ್ಮ ಅತ್ತೆ ಒಂದೇ ಒಂದು ಮಾತಿನ ಮೇಲೆ ಸಂಸಾರ ನಡೆಸಿದವರು. ನಾವಿದ್ದ ಕ್ವಾರ್ಟರ್ಸು, ನನ್ನ ಗಂಡನ ಓದು, ಆಮೇಲೆ ಇಲಾಖೆಯಲ್ಲಿ ಸಿಕ್ಕ ಡ್ರೈವರ್ ಕೆಲಸ, ಕೊನೆಗೆ ನನಗೆ ಸಿಕ್ಕ ಟಿಕೆಟ್ ಕೌಂಟರಿನ ಕುರ್ಚಿ, ಎಲ್ಲವೂ ಆ ಮಾತು ಹಾಕಿದ ಭಿಕ್ಷೆ. ಬೇರೆಯವರ ಅತ್ತೆಯಂದಿರು ಬೆಳಗಿನಿಂದ ಸಂಜೆಯವರೆಗೆ ಬಾಯಿ ಬಡಿದುಕೊಂಡು ಸೊಸೆಯ ಶಾಪ ಬಿಟ್ಟು ಬೇರೇನೂ ಗಳಿಸುವುದಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ಅದನ್ನು ನಮ್ಮ ಅತ್ತೆಯನ್ನು ನೋಡಿಯೇ ಯಾರೋ ಹೇಳಿರಬೇಕು.

ಅವರು ಕೆಲಸ ಮಾಡುತ್ತಿದ್ದದ್ದು ದೊಡ್ಡವರ ಮನೆಯಲ್ಲಿ. ದೊಡ್ಡವರು ಎಂದರೆ ನಾಡು ಕಟ್ಟಿದವರು, ನೋಟಿನ ಮೇಲೆ ಮುಖ ಇರುವವರು. ಅವರು ಕೊನೆಯ ವರ್ಷ ಕಳೆದು ಕಣ್ಣು ಮುಚ್ಚಿದ ಮನೆಯನ್ನು ಈಗ ಸ್ಮಾರಕ ಮಾಡಿದ್ದಾರೆ. ಅವರಿಗೆ ಸಂಬಂಧಪಟ್ಟ ಜಾಗಗಳನ್ನೆಲ್ಲ ತೋರಿಸುವ ಬಸ್ಸೊಂದು ದಿನವೂ ಹೊರಡುತ್ತದೆ. ಬೆಳಿಗ್ಗೆ ಹುಟ್ಟಿದ ಮನೆ, ಆಮೇಲೆ ಓದಿದ ಶಾಲೆ, ಭಾಷಣ ಮಾಡಿದ ಚೌಕ, ಸೆರೆಯಲ್ಲಿದ್ದ ಕೋಣೆ, ಕಟ್ಟಕಡೆಗೆ ನಮ್ಮಲ್ಲಿ ಸಾವು. ಹುಟ್ಟಿನಿಂದ ಸಾವಿನವರೆಗೆ ಒಂದೇ ಟಿಕೆಟ್ಟು. ನಮ್ಮಲ್ಲಿಗೆ ಬರುವಷ್ಟರಲ್ಲಿ ಜನರಿಗೆ ಕಾಲು ನೋವು ಏರಿ ದೇಶಭಕ್ತಿ ಇಳಿದಿರುತ್ತದೆ. ಕೌಂಟರಿನ ಕಿಂಡಿಗೆ ಮುಖ ತಂದು ಮೊದಲು ಕೇಳುವುದು ಶೌಚಾಲಯ ಎಲ್ಲಿ ಎಂದು.

ಅಂಥ ಜನರನ್ನೂ ಅತ್ತೆ ಅಳಿಸಿ ಕಳಿಸುತ್ತಿದ್ದರು. ಇಲಾಖೆ ಕೊಟ್ಟ ನೀಲಿ ಕೋಟು ಹಾಕಿಕೊಂಡು, ಕೈಯಲ್ಲಿ ಒಂದು ತೆಳುವಾದ ಬೆತ್ತ ಹಿಡಿದು, ಮುಂದಿನ ಕೋಣೆಯಿಂದ ಶುರು ಮಾಡುತ್ತಿದ್ದರು. ಇದು ಅವರ ಕನ್ನಡಕ. ಇದು ಅವರ ಊರುಗೋಲು. ಇದು ಓದಲು ಹಚ್ಚುತ್ತಿದ್ದ ದೀಪ. ಗಾಜಿನ ಪೆಟ್ಟಿಗೆಯೊಂದರಲ್ಲಿ ಅಂಚು ಸೊಟ್ಟಗಾದ ಒಂದು ಸ್ಟೀಲಿನ ಲೋಟವಿತ್ತು. ‘ದೊಡ್ಡವರು ಕೊನೆಯದಾಗಿ ನೀರು ಕುಡಿದ ಲೋಟ’ ಎಂದು ಕೆಳಗೆ ಚೀಟಿ ಅಂಟಿಸಿದ್ದರು. ಜನ ಅದನ್ನು ನೋಡಲೆಂದೇ ನೂಕಾಡುತ್ತಿದ್ದರು. ಅತ್ತೆ ಮಾತ್ರ ಬೆತ್ತ ತೋರಿಸಿ, ‘ಇದು ನೀರಿನ ಲೋಟ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದರು. ಇಷ್ಟು ದೊಡ್ಡ ವಿಷಯಕ್ಕೆ ಇಷ್ಟೇ ಮಾತೇ ಎಂದು ನನಗೆ ಅನ್ನಿಸುತ್ತಿತ್ತು. ಮಾತಿನಲ್ಲಿ ಅವರ ಜಿಪುಣತನ ಗೊತ್ತಿದ್ದುದರಿಂದ ಕೇಳಲು ಹೋಗಲಿಲ್ಲ.

ಮನೆಯ ಒಳಗೊಂದು ಉದ್ದನೆಯ ಕಾರಿಡಾರಿದೆ, ನಾವು ಓಣಿ ಎನ್ನುತ್ತೇವೆ. ಅದರ ತುದಿಯಲ್ಲಿ ಮಲಗುವ ಕೋಣೆ, ಕೋಣೆಯ ಬಾಗಿಲಿಗೆ ಅಡ್ಡವಾಗಿ ಕೆಂಪು ಹಗ್ಗ. ಅಲ್ಲಿ ನಿಂತು ಅತ್ತೆ ಬೆತ್ತ ಕೆಳಗಿಳಿಸಿ ಆ ಮಾತು ಹೇಳುತ್ತಿದ್ದರು. “ಸಂಜೆ ಅವರು ಒಳಗೆ ಹೋದರು. ಬಾಗಿಲು ಹಾಕಿಕೊಂಡರು. ನಾನು ಹೊರಗಿದ್ದೆ. ಬೆಳಗಿನ ತನಕ ಬಾಗಿಲು ತೆಗೆಯಲಿಲ್ಲ.” ಅಷ್ಟೇ. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು, ಗಂಡಸರು ಟೋಪಿ ತೆಗೆಯುತ್ತಿದ್ದರು. ಅದೇ ಮಾತನ್ನು ಹಿತ್ತಾಳೆಯ ಫಲಕದಲ್ಲಿ ಕೊರೆಸಿ ಬಾಗಿಲ ಪಕ್ಕ ಹಾಕಿದ್ದಾರೆ, ಕೆಳಗೆ ‘ಕಣ್ಣಾರೆ ಕಂಡ ಮನೆಗೆಲಸದಾಕೆಯ ಮಾತು’ ಎಂದು ಬರೆದಿದ್ದಾರೆ. ದೊಡ್ಡವರು ತಾವೇ ಕೋಣೆಗೆ ಹೋಗಿ, ತಾವೇ ಬಾಗಿಲು ಹಾಕಿಕೊಂಡು, ನಿದ್ದೆಯಲ್ಲೇ ಹೋದರು ಎಂದು ಪಠ್ಯಪುಸ್ತಕ ಹೇಳುತ್ತದೆ. ಪುಸ್ತಕಕ್ಕೆ ಸಾಕ್ಷಿ ನಮ್ಮ ಅತ್ತೆ.

ಮದುವೆಯಾಗಿ ಬಂದ ಹೊಸದರಲ್ಲಿ ನನಗೂ ಅತ್ತೆಗೂ ಜಗಳವಾದದ್ದು ಒಂದೇ ವಿಷಯಕ್ಕೆ, ಚಿಲಕಕ್ಕೆ. ಆ ಕ್ವಾರ್ಟರ್ಸಿನ ಒಳಗಿನ ಯಾವ ಬಾಗಿಲಿಗೂ ಚಿಲಕವಿರಲಿಲ್ಲ. ಅತ್ತೆಯೇ ಸ್ಕ್ರೂ ಬಿಚ್ಚಿ ತೆಗೆದಿದ್ದರು, ಮರದಲ್ಲಿ ತೂತುಗಳು ಹಾಗೇ ಉಳಿದಿದ್ದವು. ಹೊಸದಾಗಿ ಮದುವೆಯಾದವರ ಕೋಣೆಗೆ ಚಿಲಕ ಇಲ್ಲದಿದ್ದರೆ ಹೇಗೆ ಎಂದು ನಾನು ನನ್ನ ಗಂಡನ ಮೇಲೆ ಹಾರಾಡಿದೆ. ಇವರು ತಲೆ ಕೆರೆದುಕೊಂಡು, “ಅಮ್ಮನಿಗೆ ಬಾಗಿಲು ಹಾಕಿದ್ರೆ ಆಗೋದಿಲ್ಲ, ಚಿಕ್ಕವನಿದ್ದಾಗಿನಿಂದ ಹೀಗೇ” ಎಂದರು. ಕೊನೆಗೆ ಬಾಗಿಲಿಗೆ ಒಂದು ಸ್ಟೂಲು ಒತ್ತಿ ಸಂಸಾರ ಮಾಡಿದೆವು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ, ನನ್ನ ಕಾಲ ಬಂದಾಗ ಎಲ್ಲ ಬಾಗಿಲಿಗೂ ಎರಡೆರಡು ಚಿಲಕ ಹಾಕಿಸುತ್ತೇನೆ ಎಂದು ಆಗ ಅಂದುಕೊಂಡಿದ್ದೆ.

ಸ್ಮಾರಕದಲ್ಲಿ ಅತ್ತೆಯಷ್ಟೇ ಹಳಬರು ಇನ್ನೊಬ್ಬರಿದ್ದರು, ತೋಟದ ಮಾಲಿ. ದೊಡ್ಡವರ ಕಾಲದಿಂದಲೂ ಅಲ್ಲೇ ಗಿಡ ಕತ್ತರಿಸಿಕೊಂಡಿದ್ದ ಮನುಷ್ಯ. ತೋಟ ತೋರಿಸುವುದು ಅವರ ಪಾಲಿಗೆ ಬಂದಿತ್ತು. “ಆವತ್ತು ಸಂಜೆ ಈ ಮರದ ಕೆಳಗೆ ಕಾರು ನಿಂತಿತ್ತು” ಎನ್ನುವುದು ಅವರ ಮಾತು. ದೊಡ್ಡವರ ಸ್ವಂತ ಕಾರು ಎಂದು ಜನ ತಿಳಿದುಕೊಂಡು ಮರದ ಫೋಟೋ ತೆಗೆಯುತ್ತಿದ್ದರು. ಒಂದು ದಿನ ಮಾಲಿಗೆ ಜ್ವರವೋ, ವಯಸ್ಸಿನ ಮರೆವೋ, ಬಾಯಿ ತಪ್ಪಿ, “ಮರದ ಕೆಳಗೆ ಕಾರು ನಿಂತಿದ್ದವು” ಎಂದುಬಿಟ್ಟರು. ಒಂದು ಅಕ್ಷರದ ಹೆಚ್ಚುಕಡಿಮೆ. ಗುಂಪಿನಲ್ಲಿದ್ದ ಮೇಷ್ಟ್ರೊಬ್ಬರು ನಕ್ಕು, ನಿಂತಿತ್ತೋ ನಿಂತಿದ್ದವೋ ಎಂದು ವ್ಯಾಕರಣ ತಿದ್ದಲು ಹೋದರು. ಮಾಲಿ ಪೈಪು ಎತ್ತಿಕೊಂಡು ಗಿಡಗಳ ಕಡೆ ನಡೆದರು. ಮರುದಿನದಿಂದ ಅವರು ಕೆಲಸಕ್ಕೆ ಬರಲಿಲ್ಲ. ಮೇಲ್ವಿಚಾರಕರನ್ನು ಕೇಳಿದರೆ ವರ್ಗ ಆಗಿದೆ ಎಂದರು. ಎಲ್ಲಿಗೆ ಎಂದು ಮಾಲಿಯ ಹೆಂಡತಿ ಬಂದು ಕೇಳಿದಾಗಲೂ ಅದೇ ಮಾತು. ಅವರ ದೊಡ್ಡ ಕತ್ತರಿ ಬೇಲಿಯ ಮೇಲೆ ಇಟ್ಟಲ್ಲೇ ಇತ್ತು, ತುಕ್ಕು ಹಿಡಿಯಿತು. ಅದನ್ನು ಎತ್ತಿಡುವ ಧೈರ್ಯ ಯಾರಿಗೂ ಬರಲಿಲ್ಲ, ನನಗೂ.

ಮಾಲಿಯ ಹೆಂಡತಿ ಬಂದುಹೋದ ಸಂಜೆ ಅತ್ತೆ ಊಟಕ್ಕೆ ಕುಳಿತವರು ತುತ್ತು ಎತ್ತಲಿಲ್ಲ. “ವ್ಯಾಕರಣ ಕಲೀಬೇಕಿತ್ತು ಅವನು” ಎಂದರು. ನನಗೆ ಅರ್ಥವಾಗಲಿಲ್ಲ.

ಆಮೇಲೆ ಬಂದದ್ದು ಹೆಡ್‌ಫೋನಿನ ಯೋಜನೆ. ಹೊರದೇಶದ ಪ್ರವಾಸಿಗರು ಕಿವಿಗೆ ಸಿಕ್ಕಿಸಿಕೊಂಡು ತಮ್ಮ ತಮ್ಮ ಭಾಷೆಯಲ್ಲಿ ಎಲ್ಲವನ್ನೂ ಕೇಳುವ ವ್ಯವಸ್ಥೆಯಂತೆ. ಮೇಲ್ವಿಚಾರಕರಿಗೆ ಸಂಭ್ರಮವೋ ಸಂಭ್ರಮ. ಅನುವಾದ ಮಾಡಲು ಹೊರದೇಶದ ಹುಡುಗಿಯೊಬ್ಬಳನ್ನು ಕಳಿಸಿದರು. ಹಸನ್ಮುಖಿ, ಹೆಗಲಿಗೆ ಬಟ್ಟೆಯ ಚೀಲ, ನಮ್ಮ ಮಾತನ್ನು ನಮಗಿಂತ ಸ್ಪಷ್ಟವಾಗಿ ಆಡುತ್ತಿದ್ದಳು. ಅತ್ತೆಯ ಹಿಂದೆಯೇ ಸುತ್ತಿ, ಕನ್ನಡಕ, ಊರುಗೋಲು, ದೀಪ ಎಲ್ಲ ಬರೆದುಕೊಂಡು, ಕೆಂಪು ಹಗ್ಗದ ಹತ್ತಿರ ಬಂದಾಗ ಪೆನ್ನು ನಿಲ್ಲಿಸಿದಳು.

“ಅಮ್ಮ, ಒಂದು ಸಣ್ಣ ಅನುಮಾನ. ಅವರು ಒಳಗೆ ಹೋದರು ಅಂದ್ರೆ ಒಬ್ಬರಾ, ಜಾಸ್ತಿ ಜನಾನಾ? ನಮ್ಮ ಭಾಷೇಲಿ ಎರಡಕ್ಕೂ ಬೇರೆ ಬೇರೆ ಮಾತಿದೆ. ಯಾವುದಾದರೂ ಒಂದು ಹಾಕಲೇಬೇಕು.”

ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಮ್ಮವರು ಯಾರೂ ಕೇಳುವಂತೆಯೂ ಇಲ್ಲ. ನಮ್ಮ ಬಾಯಲ್ಲಿ ‘ಅವರು’ ಎಂದರೆ ಮರ್ಯಾದೆಯ ಒಬ್ಬರು, ಇಲ್ಲವೇ ಮರ್ಯಾದೆ ಇದ್ದರೂ ಇಲ್ಲದಿದ್ದರೂ ಒಂದು ಗುಂಪು. ಕಳ್ಳನೊಬ್ಬ ಬಂದರೆ ಬಂದ ಎನ್ನುತ್ತೇವೆ, ಕಳ್ಳರು ಗುಂಪಾಗಿ ಬಂದರೆ ಬಂದರು ಎಂದು ಭಾಷೆಯೇ ಅವರಿಗೆ ಕುರ್ಚಿ ಹಾಕಿ ಕೂರಿಸುತ್ತದೆ. ಮೇಲ್ವಿಚಾರಕರು ಜೋರಾಗಿ ನಕ್ಕು, ಇದೆಂಥ ಪ್ರಶ್ನೆ, ದೊಡ್ಡವರೊಬ್ಬರೇ ಎಂದು ಬರೆದುಕೊಳ್ಳಿ ಎಂದರು. ಹುಡುಗಿ ಕೆಲಸದಲ್ಲಿ ಅಚ್ಚುಕಟ್ಟು. ಫಲಕದಲ್ಲಿ ಅಮ್ಮನ ಹೆಸರಿನಲ್ಲಿ ಇರುವ ಮಾತಾದ್ದರಿಂದ ಅವರ ಬಾಯಿಂದಲೇ ಬರಲಿ ಎಂದಳು. ಅತ್ತೆ ಗಂಟಲು ಒಣಗಿದೆ ಎಂದು ಹೇಳಿ ಅಡಿಗೆಮನೆಯ ಕಡೆಗೆ ಹೋದರು. ಮತ್ತೆ ಬರಲಿಲ್ಲ. ವಾರದ ರಜೆಯ ದಿನ, ಪ್ರವಾಸಿಗರು ಇಲ್ಲದಾಗ, ಅದೇ ಜಾಗದಲ್ಲಿ ನಿಲ್ಲಿಸಿ ಧ್ವನಿ ಮುದ್ರಣ ಮಾಡುವುದೆಂದು ತೀರ್ಮಾನವಾಯಿತು.

ಆ ವಾರ ನನ್ನ ಕೌಂಟರಿಗೆ ಬೂದು ಶರ್ಟಿನವನೊಬ್ಬ ಬರತೊಡಗಿದ. ದಿನವೂ ಟಿಕೆಟ್ಟು ಕೊಳ್ಳುವುದು, ಒಳಗೆ ಹೋಗಿ ಏನನ್ನೂ ನೋಡದೆ ಓಣಿಯ ಬೆಂಚಿನ ಮೇಲೆ ಕೂರುವುದು, ಅತ್ತೆಯ ಮಾತು ಮುಗಿದ ಮೇಲೆ ಎದ್ದು ಹೋಗುವುದು. ಮೂರನೆಯ ದಿನ ಕಿಂಡಿಯಲ್ಲಿ ಬಗ್ಗಿ, ಬಹಳ ಮರ್ಯಾದೆಯಿಂದ, ನಿಮ್ಮ ಯಜಮಾನರು ಇಲಾಖೆಯ ಗಾಡಿ ಓಡಿಸ್ತಾರಲ್ವಾ, ರಸ್ತೆ ಸರಿಯಿಲ್ಲ, ಹುಷಾರಾಗಿರೋಕೆ ಹೇಳಿ ಎಂದ. ನಾನು ಚಿಲ್ಲರೆಯನ್ನು ಎರಡು ಸಲ ತಪ್ಪಾಗಿ ಎಣಿಸಿದೆ. ಅವನು ಅದನ್ನು ನೋಡಿ, ನೋಡದವನ ಹಾಗೆ ಮುಗುಳ್ನಕ್ಕ.

ಅಂದು ಸಂಜೆ ಮನೆಗೆ ಬಂದವಳೇ ಅತ್ತೆಯ ಮುಂದೆ ಕುಳಿತೆ. ಅವರು ಕಾಳು ಆರಿಸುತ್ತಿದ್ದರು. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. ಒಬ್ಬರಾ, ಜಾಸ್ತಿ ಜನಾನಾ ಎಂದು ನೇರವಾಗಿ ಕೇಳಿದೆ.

ಅತ್ತೆ ಎದ್ದು ಕಿಟಕಿ ಮುಚ್ಚಿದರು. ಬಾಗಿಲಿಗೆ ಬೆನ್ನು ಕೊಟ್ಟು ಕುಳಿತರು. ಆಮೇಲೆ, ತರಕಾರಿಯ ಬೆಲೆ ಹೇಳುವಷ್ಟು ಸಹಜವಾಗಿ, ಮೆಲ್ಲಗೆ, ಎಲ್ಲವನ್ನೂ ಹೇಳಿದರು. ದೊಡ್ಡವರು ಆ ವಾರವೆಲ್ಲ ಹಾಸಿಗೆ ಹಿಡಿದಿದ್ದರು. ಎಬ್ಬಿಸಿ ಕೂರಿಸಲು ಇಬ್ಬರು ಬೇಕಿತ್ತು, ಹಾಗಿರುವಾಗ ಬಾಗಿಲು ಹಾಕಿಕೊಳ್ಳುವುದು ದೂರದ ಮಾತು. ಸಂಜೆ ಕಾರುಗಳು ಬಂದವು. ಬಂದವರು ಅಪರಿಚಿತರಲ್ಲ, ದೊಡ್ಡವರ ಪಕ್ಕದಲ್ಲೇ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದವರು, ಆಮೇಲೆ ಅವರ ಕುರ್ಚಿಯಲ್ಲಿ ಕೂತವರು. ದೊಡ್ಡವರು ನೀರು ಕೇಳಿದ್ದರು. ಅತ್ತೆ ಲೋಟದಲ್ಲಿ ನೀರು ತಂದು ಓಣಿಯಲ್ಲಿ ಬರುತ್ತಿರುವಾಗ ಬಂದವರು ಒಳಗೆ ಹೋದರು, ಬಾಗಿಲು ಹಾಕಿಕೊಂಡರು. ಒಳಗಿನಿಂದ ಚಿಲಕದ ಸದ್ದಾಯಿತು. ದೊಡ್ಡವರು ಒಮ್ಮೆ ಕೂಗಿದರು. ಆಮೇಲೆ ಕೂಗಲಿಲ್ಲ.

“ನೀರಿನ ಲೋಟ ನನ್ನ ಕೈಯಲ್ಲೇ ಇತ್ತು. ಅದನ್ನ ಅವರು ಕುಡೀಲೇ ಇಲ್ಲ” ಎಂದರು ಅತ್ತೆ. “ಬೆಳಿಗ್ಗೆ ಒಬ್ಬ ಅಧಿಕಾರಿ ಬಂದು ಏನು ನೋಡಿದೆ ಅಂದ. ನನ್ನ ಹೊಟ್ಟೇಲಿ ನಿನ್ನ ಗಂಡ ಇದ್ದ. ಹೆದರಿಕೇಲಿ ಕಂಡದ್ದು ಕಂಡ ಹಾಗೆ ಹೇಳಿದೆ. ಅವರು ಒಳಗೆ ಹೋದರು, ಬಾಗಿಲು ಹಾಕಿಕೊಂಡರು. ಅವನು ನನ್ನ ಮುಖ ನೋಡಿದ. ಆಮೇಲೆ, ಸರಿಯಾಗಿ ಹೇಳಿದೆ ಕಣಮ್ಮ, ಇದನ್ನೇ ಹೇಳ್ತಾ ಇರು ಅಂದ.”

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹಾವು ಮಾತ್ರ ಅಂದಿನಿಂದ ಮನೆಯಲ್ಲೇ ಸುತ್ತಿಕೊಂಡಿತ್ತು. ನನಗೆ ಮರುಕಕ್ಕಿಂತ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಹೇಳಿದ್ದೇ ಹೇಳಿದ್ದೀರಿ, ಇನ್ನೊಂದು ಪದ ಸೇರಿಸಿದರೆ ಏನಾಗುತ್ತೆ, ಒಬ್ಬರೇ ಎಂದುಬಿಡಿ, ನಿಮ್ಮ ಮಗ ದಿನಾ ಗಾಡಿ ತೆಗೆದುಕೊಂಡು ಹೋಗುತ್ತಾರೆ, ಅವರು ಮನೆಗೆ ಬರಬೇಕು ಎಂದೆ. ಸತ್ತವರು ಸತ್ತರು, ಇದ್ದವರನ್ನು ನೋಡಿ ಎಂದೂ ಅಂದೆ. ಇವತ್ತು ಕೇಳಿದರೂ ಅದನ್ನೇ ಅನ್ನುತ್ತೇನೆ.

ಅತ್ತೆ ಕಾಳಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಜನ ತಪ್ಪು ತಿಳ್ಕೊಂಡ್ರು, ಅದು ಅವರ ಪಾಡು. ನಾನು ತಪ್ಪು ಹೇಳಿಲ್ಲ. ಒಂದು ದಿನಾನೂ ಸುಳ್ಳು ಹೇಳದೇ ಇಲ್ಲೀ ತನಕ ಬಂದಿದೀನಿ. ಅದೊಂದು ಬಿಟ್ರೆ ನನ್ನ ಹತ್ರ ಬೇರೆ ಏನಿದೆ ಹೇಳು.”

ಇವರು ಬಂದ ಸದ್ದಾಯಿತು. ಮಾತು ಅಲ್ಲಿಗೇ ನಿಂತಿತು.

ರಜೆಯ ದಿನ ಮಧ್ಯಾಹ್ನ ಸ್ಮಾರಕದಲ್ಲಿ ನಾವು ಐದೇ ಜನ. ಓಣಿಯಲ್ಲಿ ಯಂತ್ರ ಹಿಡಿದು ಅನುವಾದದ ಹುಡುಗಿ, ಅವಳ ಪಕ್ಕ ಮೇಲ್ವಿಚಾರಕರು, ಬೆಂಚಿನ ಮೇಲೆ ಬೂದು ಶರ್ಟಿನವನು, ಹಗ್ಗದ ಹತ್ತಿರ ಅತ್ತೆ, ಟೀ ತಂದ ನಾನು. ಅವನು ಯಾರು ಎಂದು ಯಾರೂ ಪರಿಚಯ ಮಾಡಿಕೊಡಲಿಲ್ಲ. ಮೇಲ್ವಿಚಾರಕರು ಅವನಿಗೆ ಮೊದಲು ಟೀ ಕೊಡು ಎಂದು ನನಗೆ ಕಣ್ಣಿನಲ್ಲೇ ಹೇಳಿದರು, ಅದರಲ್ಲೇ ಪರಿಚಯವಾಯಿತು. ಅತ್ತೆ ಕೋಟು ಒಗೆದು ಇಸ್ತ್ರಿ ಮಾಡಿ ಹಾಕಿಕೊಂಡಿದ್ದರು. ಬೆತ್ತ ತಂದಿರಲಿಲ್ಲ.

ಹುಡುಗಿ, ಶುರು ಮಾಡೋಣವಾ ಅಮ್ಮ ಎಂದಳು. ಅತ್ತೆ ಒಂದು ಸಲ ನನ್ನ ಕಡೆ ನೋಡಿದರು. ಒಬ್ಬರೇ ಅನ್ನಿ, ಒಬ್ಬರೇ ಅನ್ನಿ ಎಂದು ನಾನು ಮನಸ್ಸಿನಲ್ಲಿ ಜಪ ಮಾಡುತ್ತಿದ್ದೆ. ಅವರು ತಮ್ಮ ಎಂದಿನ ದನಿಯಲ್ಲಿ ಹೇಳತೊಡಗಿದರು.

“ಅವರು ಹಾಸಿಗೆ ಮೇಲಿದ್ದರು. ನೀರು ಕೇಳಿದರು. ನಾನು ನೀರು ತಂದೆ. ಅವರು ಒಳಗೆ ಹೋದರು. ಬಾಗಿಲು ಹಾಕಿಕೊಂಡರು. ನಾನು ಹೊರಗಿದ್ದೆ. ಅವರು ಕೂಗಿದರು. ಅವರು ಬಾಗಿಲು ತೆಗೆಯಲಿಲ್ಲ.”

ಮೊದಲಿಗೆ ಮೇಲ್ವಿಚಾರಕರು ಎಂದಿನ ಹಾಗೆ ತಲೆಯಾಡಿಸುತ್ತಿದ್ದರು. ಹಾಸಿಗೆಯ ಮೇಲೆ ಇದ್ದವರು ಒಳಗೆ ಹೋಗುವುದು ಹೇಗೆ ಎಂದು ಅವರಿಗೆ ತಡವಾಗಿ ಹೊಳೆಯಿತು, ತಲೆ ಅರ್ಧಕ್ಕೇ ನಿಂತಿತು. ಹುಡುಗಿ ಅಷ್ಟರಲ್ಲೇ ಬರೆಯುತ್ತಿದ್ದಳು. ಒಂದೊಂದು ‘ಅವರು’ ಬಂದಾಗಲೂ ತನ್ನ ಭಾಷೆಯಲ್ಲಿ ಒಬ್ಬರೋ ಹಲವರೋ ಎಂದು ಅವಳು ಆರಿಸಬೇಕಲ್ಲ. ಆರಿಸುತ್ತಾ ಹೋದ ಹಾಗೆ ಅವಳ ಮುಖದ ಬಣ್ಣ ಇಳಿಯಿತು. ಕೊನೆಯ ಮಾತಿಗೆ ಪೆನ್ನು ಎತ್ತಿ, ಬೆಂಚಿನ ಕಡೆ ನೋಡಿ, ತಟ್ಟನೆ ಕಾಗದವನ್ನು ಮಡಿಚಿದಳು.

“ಸರಿ ಅಮ್ಮ, ಗೊತ್ತಾಯ್ತು. ಒಬ್ಬರೇ ಅಂತ ಹಾಕ್ಕೊಳ್ತೀನಿ” ಎಂದಳು. ಒಳ್ಳೆಯ ಮನಸ್ಸಿನ ಹುಡುಗಿ, ಮುಳುಗುವವರಿಗೆ ಕೈ ಚಾಚಿದಳು. ಸುಳ್ಳನ್ನು ತನ್ನ ತಲೆಯ ಮೇಲೆ ಹಾಕಿಕೊಂಡಳು. ಅತ್ತೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

“ನಾನು ಹಾಗೆ ಹೇಳಲಿಲ್ಲ, ಮಗಳೇ” ಎಂದರು ಅತ್ತೆ.

ಯಂತ್ರದ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಬೂದು ಶರ್ಟಿನವನು ಟೀ ಲೋಟವನ್ನು ಬೆಂಚಿನ ಮೇಲೆ ಸದ್ದಾಗದ ಹಾಗೆ ಇಟ್ಟು ಎದ್ದು ಬಂದ, ತಾನೇ ಯಂತ್ರವನ್ನು ನಿಲ್ಲಿಸಿದ. ಅಮ್ಮನಿಗೆ ದಣಿವಾಗಿದೆ, ವಯಸ್ಸಾಯ್ತಲ್ಲ, ಸ್ವಲ್ಪ ಹೊತ್ತು ಕೂತು ಮಾತಾಡಿದರೆ ಎಲ್ಲ ಸರಿಹೋಗುತ್ತೆ ಎಂದ. ಹುಡುಗಿಯನ್ನು ಹೊರಗಿನ ಜೀಪಿನವರೆಗೆ ಬಿಟ್ಟು ಬನ್ನಿ ಎಂದು ಮೇಲ್ವಿಚಾರಕರಿಗೆ ಹೇಳಿದ. ಅವರು ಅವಳ ಚೀಲವನ್ನೂ ತಾವೇ ಎತ್ತಿಕೊಂಡು ಓಡಿದರು. ಹೊರಗಿನಿಂದ ಇನ್ನಿಬ್ಬರು ಬಂದರು, ಅವರ ಬೂಟು ಓಣಿಯ ಹಲಗೆಯ ಮೇಲೆ ಸದ್ದು ಮಾಡಿತು. ಬೂದು ಶರ್ಟಿನವನು ಕೆಂಪು ಹಗ್ಗದ ಕೊಕ್ಕೆ ಬಿಚ್ಚಿದ. ಅಷ್ಟು ವರ್ಷಗಳಲ್ಲಿ ಅತ್ತೆ ದಾಟದಿದ್ದ ಹಗ್ಗ ಅದು. ಕಸ ಗುಡಿಸಲೂ ಅವರು ಆ ಕೋಣೆಗೆ ಕಾಲಿಟ್ಟಿರಲಿಲ್ಲ, ಬೇರೆಯವರನ್ನು ಕಳಿಸುತ್ತಿದ್ದರು.

ನಾನು “ಅತ್ತೆ” ಎಂದೆ. ಅವರು ತಿರುಗಿದರು. ಹೆದರಿದ್ದರು. ಅದನ್ನು ಮುಚ್ಚಿಡುವುದಿಲ್ಲ, ತುಟಿ ಬೆಳ್ಳಗಾಗಿತ್ತು. ಆದರೂ ಮನೆಯಲ್ಲಿ ನನ್ನನ್ನು ಗದರುವಾಗಿನ ದನಿಯಲ್ಲೇ, “ಕುಡಿಯೋಕೆ ನೀರು ತಂದಿಡು” ಎಂದರು.

ನಾನು ಅಡಿಗೆಮನೆಗೆ ಓಡಿ ಲೋಟ ತುಂಬಿಸಿಕೊಂಡು ಓಣಿಗೆ ಬಂದೆ. ಅವರು ಒಳಗೆ ಹೋದರು. ಬಾಗಿಲು ಹಾಕಿಕೊಂಡರು. ಚಿಲಕದ ಸದ್ದು ಕೇಳಿಸಿತು. ನಾನು ಹೊರಗಿದ್ದೆ.

ಆ ಬಾಗಿಲು ನನ್ನ ಕಡೆಗೆ ತೆರೆಯಲೇ ಇಲ್ಲ. ಕೋಣೆಗೆ ಹಿಂದಿನ ಜಗಲಿಗೆ ತೆರೆಯುವ ಇನ್ನೊಂದು ಬಾಗಿಲಿದೆ. ಜನರಿಗೆ ಅದನ್ನು ತೋರಿಸುವುದಿಲ್ಲ. ಸಂಜೆ ಮೇಲ್ವಿಚಾರಕರು ಬಂದು, ನಿಮ್ಮತ್ತೆಗೆ ತಲೆ ಸುತ್ತು ಬಂತು, ವಿಶ್ರಾಂತಿಗೆ ಕಳಿಸಿದ್ದಾರೆ, ಯೋಚನೆ ಮಾಡಬೇಡಿ ಎಂದರು. ಎಲ್ಲಿಗೆ ಎಂದು ಕೇಳಲು ಬಾಯಿ ತೆರೆದೆ, ಮಾಲಿಯ ಹೆಂಡತಿಯ ಮುಖ ನೆನಪಾಯಿತು. ಮರುದಿನ ಬೂದು ಶರ್ಟಿನವನು ನನ್ನನ್ನು ಆಫೀಸಿಗೆ ಕರೆಸಿ, ಕುರ್ಚಿ ಕೊಟ್ಟು, ನೀವು ಅಲ್ಲೇ ಇದ್ರಲ್ಲ, ಏನು ನೋಡಿದ್ರಿ ಎಂದು ಕೇಳಿದ. ಗೋಡೆಯ ಮೇಲಿನ ಫೋಟೋದಲ್ಲಿ ದೊಡ್ಡವರ ಪಕ್ಕ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ನನ್ನ ಗಂಡ ಗಾಡಿ ತೆಗೆದುಕೊಂಡು ಹೋಗಿದ್ದರು.

“ಅವರು ಒಳಗೆ ಹೋದರು, ಬಾಗಿಲು ಹಾಕಿಕೊಂಡರು” ಎಂದೆ.

ಅವನು ನನ್ನ ಮುಖ ನೋಡಿದ. ಸರಿಯಾಗಿ ಹೇಳಿದಿರಿ ಎಂದ.

ಅತ್ತೆ ತಿರುಗಿ ಬರಲಿಲ್ಲ. ಈಗ ನೀಲಿ ಕೋಟು ನನ್ನದು. ತೋಳು ಉದ್ದ, ಮಡಿಚಿ ಹಾಕಿಕೊಳ್ಳುತ್ತೇನೆ. ಕನ್ನಡಕ, ಊರುಗೋಲು, ದೀಪ ತೋರಿಸುತ್ತೇನೆ. ಲೋಟದ ಹತ್ತಿರ ನೀರಿನ ಲೋಟ ಎನ್ನುತ್ತೇನೆ. ಹಗ್ಗದ ಹತ್ತಿರ ಬಂದಾಗ ಆ ಮಾತು ಹೇಳುತ್ತೇನೆ, ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಅವರು ಅಳುತ್ತಿರುವುದು ದೊಡ್ಡವರಿಗಾಗಿ, ನಾನು ಹೇಳುತ್ತಿರುವುದು ನಮ್ಮ ಅತ್ತೆಯ ವಿಷಯ. ಹೆಡ್‌ಫೋನಿನಲ್ಲಿ ಬೇರೆ ಭಾಷೆಗಳವರು ಏನು ಕೇಳುತ್ತಾರೋ ನನಗೆ ತಿಳಿಯದು. ಆ ಹುಡುಗಿಯನ್ನು ಮತ್ತೆ ನೋಡಲಿಲ್ಲ.

ನನ್ನ ಗಂಡನಿಗೆ ಮಾತ್ರ, ಕಿಟಕಿ ಮುಚ್ಚಿ, ಎಷ್ಟು ಜನ ಎಂದು ಹೇಳಿದೆ. ಅಮ್ಮ ಒಬ್ಬರು, ಅವರು ಮೂವರು. ಇವರು ಗೋಡೆಗೆ ತಲೆ ಇಟ್ಟು ಬಹಳ ಹೊತ್ತು ಅತ್ತರು. ಕೆಲವು ದಿನ ಬಿಟ್ಟು, ಅಂಗಡಿಯಿಂದ ಹೊಸ ಚಿಲಕಗಳನ್ನು ತಂದು ಮೇಜಿನ ಮೇಲಿಟ್ಟು, ನೀನು ಮೊದಲಿನಿಂದ ಕೇಳ್ತಾ ಇದ್ದೆಯಲ್ಲ, ಹಾಕಿಸಲಾ ಎಂದು ಕೇಳಿದರು.

ಬೇಡ ಎಂದೆ.